ಅರಮನೆಯ ಪಿಯಾನೊ: ಜಯಚಾಮರಾಜ ಒಡೆಯರ ಸಂಗೀತ ಜೀವನ

1956ರ ನವೆಂಬರ್ 1ರಂದು ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಾಗೇವಾಡಿ ತಾಲ್ಲೂಕುಗಳು ಅಂದಿನ ಬಿಜಾಪುರ ಜಿಲ್ಲೆಯೊಡನೆ ಮುಂಬಯಿ ರಾಜ್ಯದಿಂದ ಬೇರ್ಪಟ್ಟು ವಿಶಾಲ ಮೈಸೂರು ರಾಜ್ಯವನ್ನು ಸೇರಿದವು. ಬೆಂಗಳೂರಿನಲ್ಲಿ ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದರು ಹೊಸ ರಾಜ್ಯವನ್ನು ಉದ್ಘಾಟಿಸಿದರು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾದರು. ರಾಜ್ಯಪಾಲರಾಗಿ ಅಧಿಕಾರ ಸ್ವೀಕರಿಸಿದವರು ಶ್ರೀ ಜಯಚಾಮರಾಜ ಒಡೆಯರ್. ಅದುವರೆಗೆ ಮುಂಬಯಿಯ ಕಡೆಗೆ ಮುಖ ಮಾಡಿದ್ದ ಬಿಜಾಪುರ ಸೀಮೆಯ ಜನರಿಗೆ ಅವರು ದೂರದ ಮೈಸೂರಿನ ಅರಸರು. ದಸರಾ ಚಿತ್ರಪಟಗಳಲ್ಲಿ ಅಂಬಾರಿಯ ಮೇಲೆ ಕಾಣುವ ಮೂರ್ತಿ. ಆ ಅರಸರ ಬಾಲ್ಯದ ಕನಸು ಸಿಂಹಾಸನದ್ದಾಗಿರಲಿಲ್ಲ, ಪಿಯಾನೊ ವಾದ್ಯದ್ದಾಗಿತ್ತು ಎಂಬ ಸಂಗತಿ ಅಂದು ಇಲ್ಲಿನ ಕೆಲವರಿಗೆ ಮಾತ್ರ ತಿಳಿದಿದ್ದೀತು.

ಜನನ ಮತ್ತು ಬಾಲ್ಯ

ಜಯಚಾಮರಾಜ ಒಡೆಯರು 1919ರ ಜುಲೈ 18ರಂದು ಮೈಸೂರಿನಲ್ಲಿ ಜನಿಸಿದರು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್, ತಾಯಿ ಯುವರಾಣಿ ಕೆಂಪುಚೆಲುವಾಜಮ್ಮಣ್ಣಿ. ತಂದೆತಾಯಿಗಳಿಗೆ ಅವರೊಬ್ಬರೇ ಗಂಡುಮಗ. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಸಂತಾನವಿರಲಿಲ್ಲವಾದ್ದರಿಂದ ರಾಜವಂಶದ ಮುಂದಿನ ಭಾರವೆಲ್ಲ ಈ ಬಾಲಕನ ಹೆಗಲಿಗೇ ಬರುವುದಿತ್ತು.

ನಾಲ್ವಡಿಯವರ ಆಸ್ಥಾನವೆಂದರೆ ಸಂಗೀತದ ತವರು. ವೀಣೆ ಶೇಷಣ್ಣ, ಮೈಸೂರು ವಾಸುದೇವಾಚಾರ್ಯ, ವೀಣೆ ವೆಂಕಟಗಿರಿಯಪ್ಪ, ಮುತ್ತಯ್ಯ ಭಾಗವತರಂತಹ ಘನ ವಿದ್ವಾಂಸರು ಅಲ್ಲಿದ್ದರು. ಅವರೊಡನೆ ಪಾಶ್ಚಾತ್ಯ ವಾದ್ಯವೃಂದವೂ ಅರಮನೆಯಲ್ಲಿತ್ತು. ಜರ್ಮನಿಯ ಆಟೊ ಸ್ಮಿಟ್ ಅದರ ನಿರ್ದೇಶಕರಾಗಿದ್ದರು. ಸ್ವತಃ ನಾಲ್ವಡಿಯವರು ವೀಣೆ, ಪಿಟೀಲು, ಪಿಯಾನೊ ಮೊದಲಾದ ಹಲವು ವಾದ್ಯಗಳನ್ನು ನುಡಿಸಬಲ್ಲವರಾಗಿದ್ದರು. ತುತ್ತೂರಿ, ಕ್ಲ್ಯಾರಿಯೊನೆಟ್, ಸ್ಯಾಕ್ಸೋಫೋನುಗಳಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನು ನುಡಿಸುವ ಬ್ಯಾಂಡ್ ಸಂಪ್ರದಾಯ ಆ ಆಸ್ಥಾನದಲ್ಲಿ ಬೆಳೆಯಿತು. ಅದರ ಮುಂದುವರಿಕೆಯನ್ನು ಮೈಸೂರಿನ ಪೊಲೀಸ್ ಬ್ಯಾಂಡಿನಲ್ಲಿ ಈಗಲೂ ಕೇಳಬಹುದು. ಒಂದು ವಾದ್ಯಕ್ಕಾಗಿ, ಒಂದು ಕಂಠಕ್ಕಾಗಿ ಹುಟ್ಟಿದ ಸಂಗೀತವನ್ನು ಮತ್ತೊಂದು ವಾದ್ಯಕ್ಕೆ ಒಗ್ಗಿಸುವ ಕೆಲಸ ಬಾಲಕ ಜಯಚಾಮರಾಜರ ಕಣ್ಣೆದುರಿಗೇ ನಿತ್ಯ ನಡೆಯುತ್ತಿತ್ತು.

ಇಂತಹ ವಾತಾವರಣದಲ್ಲಿ ಅವರು ಪಿಯಾನೊ ಅಭ್ಯಾಸ ಮಾಡಿದರು. ಅದು ರಾಜಕುಮಾರರ ಹವ್ಯಾಸವಾಗಿ ಉಳಿಯಲಿಲ್ಲ. ವೃತ್ತಿಪರ ಕಛೇರಿ ವಾದಕನಾಗಬೇಕೆಂಬ ಹಂಬಲವಾಗಿ ಬೆಳೆಯಿತು. 1938ರಲ್ಲಿ ಮಹಾರಾಜಾ ಕಾಲೇಜಿನಿಂದ ಚಿನ್ನದ ಪದಕಗಳೊಡನೆ ಪದವಿ ಪಡೆದ ಅವರು 1939ರಲ್ಲಿ ಯೂರೋಪಿನ ಪ್ರವಾಸ ಕೈಗೊಂಡರು. ಲಂಡನ್ನಿನ ಹಲವು ಸಂಸ್ಥೆಗಳನ್ನು ಕಂಡು, ಕಲಾವಿದರನ್ನೂ ವಿದ್ವಾಂಸರನ್ನೂ ಪರಿಚಯಿಸಿಕೊಂಡು ಹಿಂದಿರುಗಿದರು.

ಕನಸು ಮುರಿದ 1940

ಆದರೆ ವಿಧಿ ಬೇರೆಯಾಗಿತ್ತು. 1939ರ ಸೆಪ್ಟೆಂಬರಿನಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. 1940ರ ಮಾರ್ಚ್ 11ರಂದು ತಂದೆ ಯುವರಾಜರು ಮುಂಬಯಿಯಲ್ಲಿ ನಿಧನರಾದರು. ಅದೇ ವರ್ಷ ಆಗಸ್ಟ್ 3ರಂದು ದೊಡ್ಡಪ್ಪ ನಾಲ್ವಡಿಯವರೂ ತೀರಿಕೊಂಡರು. ಐದು ತಿಂಗಳೊಳಗೆ ಎರಡು ಸಾವು. 1940ರ ಸೆಪ್ಟೆಂಬರ್ 8ರಂದು, 21ರ ಹರೆಯದಲ್ಲಿ, ಜಯಚಾಮರಾಜರು ಸಿಂಹಾಸನವನ್ನೇರಿದರು. ಕಛೇರಿ ವೇದಿಕೆಯ ಆಸೆ ಅಲ್ಲಿಗೆ ಮುಗಿಯಿತು. ದೇಶದ ದೊಡ್ಡ ಸಂಸ್ಥಾನಗಳಲ್ಲಿ ಒಂದಾದ ಮೈಸೂರಿನ ಅರಸರು ಟಿಕೇಟು ಕೊಂಡ ಶ್ರೋತೃಗಳ ಮುಂದೆ ಕುಳಿತು ಪಿಯಾನೊ ನುಡಿಸುವುದು ಆ ಕಾಲದಲ್ಲಿ ಊಹೆಗೂ ನಿಲುಕದ ಮಾತು.

ಆದರೂ ಅವರು ಅಭ್ಯಾಸವನ್ನು ಬಿಡಲಿಲ್ಲ. ರಾಜ್ಯಭಾರದ ನಡುವೆಯೇ ಪರೀಕ್ಷೆಗೆ ಸಿದ್ಧರಾಗಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಪದವಿ ಪಡೆದರು. 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜು ಗೌರವ ಫೆಲೊ ಎಂದು ಅವರನ್ನು ಮನ್ನಿಸಿತು. ಅರಮನೆಯಲ್ಲಿ ದೊಡ್ಡ ಪಿಯಾನೊಗಳು, ಧ್ವನಿವರ್ಧಕಗಳು ಮತ್ತು ಸಾವಿರಾರು ಗ್ರಾಮಫೋನ್ ತಟ್ಟೆಗಳ ಭಂಡಾರ ಸೇರಿದವು. ವೇದಿಕೆಗೆ ಹೋಗಲಾರದ ವಾದಕನ ಬಳಿಗೆ ಲೋಕದ ವೇದಿಕೆಗಳೆಲ್ಲ ತಟ್ಟೆಯ ರೂಪದಲ್ಲಿ ಬಂದವು.

ಹಾರ್ಮೋನಿಯಂ ಬಲ್ಲವರಿಗೆ ಪಿಯಾನೊ

ಪಿಯಾನೊ ನಮ್ಮ ಭಾಗದಲ್ಲಿ ಅಪರೂಪದ ವಾದ್ಯ. ಆದರೆ ಅದರ ದಾಯಾದಿಯಾದ ಹಾರ್ಮೋನಿಯಂ ಇಂಡಿಯಿಂದ ಮುದ್ದೇಬಿಹಾಳದವರೆಗೆ ಭಜನಾ ಮೇಳ, ಬಯಲಾಟ, ನಾಟಕ ಕಂಪನಿಗಳ ಮೂಲಕ ಮನೆಮನೆಗೂ ಪರಿಚಿತ. ಎರಡಕ್ಕೂ ಮನೆಗಳ ಸಾಲು ಒಂದೇ ಬಗೆಯದು. ನಾದ ಹುಟ್ಟುವ ಬಗೆ ಬೇರೆ. ಹಾರ್ಮೋನಿಯಂನಲ್ಲಿ ತಿದಿಯ ಗಾಳಿ ಲೋಹದ ನಾಲಿಗೆಯನ್ನು ಕಂಪಿಸುತ್ತದೆ. ಗಾಳಿ ಇರುವಷ್ಟು ಹೊತ್ತು ಸ್ವರ ನಿಲ್ಲುತ್ತದೆ. ಪಿಯಾನೊದಲ್ಲಿ ಮನೆಯನ್ನು ಒತ್ತಿದಾಗ ಉಣ್ಣೆ ಹೊದಿಸಿದ ಸುತ್ತಿಗೆಯೊಂದು ತಂತಿಯನ್ನು ಬಡಿಯುತ್ತದೆ. ಬಡಿದ ಕ್ಷಣದಿಂದಲೇ ಸ್ವರ ಕ್ಷೀಣಿಸತೊಡಗುತ್ತದೆ. 88 ಮನೆಗಳು, 200ಕ್ಕೂ ಮಿಕ್ಕಿದ ತಂತಿಗಳು. ಎರಡು ಕೈಗಳೂ ಸ್ವರಕ್ಕೇ ಮೀಸಲಾದುದರಿಂದ ಒಬ್ಬನೇ ವಾದಕ ರಾಗದ ಎಳೆಯನ್ನೂ ಅದರ ಕೆಳಗಿನ ಮಂದ್ರವನ್ನೂ ನಡುವಿನ ತುಂಬುಸ್ವರಗಳನ್ನೂ ಏಕಕಾಲಕ್ಕೆ ನುಡಿಸಬಲ್ಲ.

ಇದೇ ಕಾರಣದಿಂದ ಯೂರೋಪಿನಲ್ಲಿ ಪಿಯಾನೊ ಮನೆಮಂದಿಯ ವಾದ್ಯವೃಂದವಾಯಿತು. ಗ್ರಾಮಫೋನ್ ಇಲ್ಲದ ಕಾಲದಲ್ಲಿ ದೊಡ್ಡ ಸಿಂಫನಿಗಳನ್ನೂ ಒಪೆರಾ ಗೀತೆಗಳನ್ನೂ ಜನ ಮನೆಯ ಪಿಯಾನೊದಲ್ಲಿ ಕೇಳುತ್ತಿದ್ದರು. ಫ್ರಾಂಜ್ ಲಿಸ್ಟ್ ಬೀಥೋವನ್ನನ ಒಂಬತ್ತು ಸಿಂಫನಿಗಳನ್ನೂ ಒಂಟಿ ಪಿಯಾನೊಗೆ ಅಳವಡಿಸಿದ. ಹತ್ತಾರು ವಾದ್ಯಗಳು ಹಂಚಿಕೊಂಡ ಕೆಲಸವನ್ನು ಹತ್ತು ಬೆರಳುಗಳಿಗೆ ಒಪ್ಪಿಸುವಾಗ ಯಾವ ಸ್ವರವನ್ನು ಉಳಿಸಬೇಕು, ಯಾವುದನ್ನು ಕೈಬಿಡಬೇಕು ಎಂಬ ವಿವೇಚನೆಯೇ ಈ ಕಲೆಯ ತಿರುಳು. ಮೂಕಿ ಚಿತ್ರಗಳ ಕಾಲದಲ್ಲಿ ಪರದೆಯ ಪಕ್ಕದಲ್ಲಿ ಕುಳಿತ ಪಿಯಾನೊ ವಾದಕನಾಗಲಿ, ನಮ್ಮ ಚಿತ್ರಮಂದಿರಗಳ ಹಾರ್ಮೋನಿಯಂ ಮಾಸ್ತರನಾಗಲಿ ಮಾಡಿದ್ದು ಇದನ್ನೇ. ಇಂದು ಚಲನಚಿತ್ರದ, ವಿಡಿಯೊ ಆಟಗಳ ವಾದ್ಯವೃಂದ ಸಂಗೀತವನ್ನು ಒಂಟಿ ಪಿಯಾನೊಗೆ ಒಗ್ಗಿಸುವ ಯುವಕರು ಮಾಡುತ್ತಿರುವುದೂ ಇದನ್ನೇ.

ಈ ವಾದ್ಯಕ್ಕೊಂದು ಮಿತಿಯೂ ಉಂಟು. ಮನೆ ಮನೆಗಳ ನಡುವಿನ ಸ್ವರ ಅದಕ್ಕೆ ಎಟುಕದು. ಗಮಕ, ಜಾರು, ಮೀಂಡ್‌ಗಳು ಅದರಲ್ಲಿ ನುಡಿಯವು. ವೀಣೆಯ ನಾಡಿನಲ್ಲಿ ಹುಟ್ಟಿ ಪಿಯಾನೊಗೆ ಮನಸೋತ ಮಹಾರಾಜರಿಗೆ ಈ ಮಿತಿ ಇತರರಿಗಿಂತ ಹೆಚ್ಚು ಸ್ಪಷ್ಟವಾಗಿದ್ದಿರಬೇಕು.

ಲಂಡನ್ನಿನ ಬಡ ಸಂಗೀತಗಾರನಿಗೆ ಮೈಸೂರಿನ ನೆರವು

ಮಹಾರಾಜರ ಅಚ್ಚುಮೆಚ್ಚಿನ ಪಿಯಾನೊ ಕೃತಿಕಾರರಲ್ಲಿ ನಿಕೊಲಾಯ್ ಮೆಟ್ನರ್ ಒಬ್ಬ. 1880ರಲ್ಲಿ ಮಾಸ್ಕೋದಲ್ಲಿ ಜನಿಸಿದ ಈತ 1921ರಲ್ಲಿ ರಷ್ಯಾವನ್ನು ತೊರೆದು ಜರ್ಮನಿ, ಫ್ರಾನ್ಸುಗಳಲ್ಲಿ ಅಲೆದು 1930ರ ದಶಕದ ಮಧ್ಯದಲ್ಲಿ ಲಂಡನ್ನಿನಲ್ಲಿ ನೆಲೆಸಿದ್ದ. ಹೆಸರಾಂತ ರಾಖ್ಮಾನಿನೊವ್ ಅವನ ಗೆಳೆಯ. ತನ್ನ ನಾಲ್ಕನೆಯ ಪಿಯಾನೊ ಕಾನ್ಸರ್ಟೊವನ್ನು ಮೆಟ್ನರನಿಗೆ ಅರ್ಪಿಸಿದ್ದ. ಮೆಟ್ನರ್ 14 ಪಿಯಾನೊ ಸೊನಾಟಾಗಳನ್ನು ರಚಿಸಿದ. ಅವನು ಬರೆದ ಬಹುಪಾಲು ಎಲ್ಲ ಕೃತಿಗಳಲ್ಲಿಯೂ ಪಿಯಾನೊ ಇದ್ದೇ ಇರುತ್ತಿತ್ತು. ಹೊಸ ಕಾಲದ ಸಂಗೀತದ ಗತಿಗೆ ಆತ ಒಗ್ಗಲಿಲ್ಲ. ಯುದ್ಧದ ವರ್ಷಗಳಲ್ಲಿ ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಆದಾಯ ನಿಂತಿತು. 1942ರಲ್ಲಿ ಹೃದಯದ ಕಾಯಿಲೆ ಕಾಡಿತು. ಅರವತ್ತು ದಾಟಿದ ಆ ಕಲಾವಿದನನ್ನು ಲೋಕ ಬಹುಮಟ್ಟಿಗೆ ಮರೆತಿತ್ತು.

ಅಂತಹ ಹೊತ್ತಿನಲ್ಲಿ ಸಹಸ್ರಾರು ಮೈಲಿ ದೂರದ ಮೈಸೂರಿನಿಂದ ನೆರವು ಬಂದಿತು. ಮೆಟ್ನರನ ಕೃತಿಗಳನ್ನು ಆತನ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸುವ ವೆಚ್ಚವನ್ನು ಭರಿಸಲು ಜಯಚಾಮರಾಜ ಒಡೆಯರು ಮುಂದೆ ಬಂದರು. ಮೆಟ್ನರ್ ಸೊಸೈಟಿ ಎಂಬ ಹೆಸರಿನಲ್ಲಿ ಎಚ್.ಎಂ.ವಿ. ಕಂಪನಿ ಮೂರು ಸಂಪುಟಗಳನ್ನು ಹೊರತಂದಿತು. 1947ರಲ್ಲಿ ಆತನ ಮೂರೂ ಪಿಯಾನೊ ಕಾನ್ಸರ್ಟೊಗಳು ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಡನೆ ಮುದ್ರಣಗೊಂಡವು. ಸೊನಾಟಾಗಳು, ಚಿಕ್ಕ ಪಿಯಾನೊ ಕೃತಿಗಳು, ಗೀತೆಗಳೂ ಸೇರಿದವು. ಕೃತಜ್ಞನಾದ ಮೆಟ್ನರ್ ತನ್ನ ಮೂರನೆಯ ಕಾನ್ಸರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ.

1951ರ ನವೆಂಬರ್ 13ರಂದು ಮೆಟ್ನರ್ ತೀರಿಕೊಂಡಾಗ ಅವನ ಸಮಗ್ರ ಕೃತಿಗಳ ಮುದ್ರಣ ಪೂರ್ಣಗೊಂಡಿರಲಿಲ್ಲ. ಆದರೂ ಅವನ ಪಿಯಾನೊ ಹೇಗೆ ನುಡಿಯುತ್ತಿತ್ತೆಂಬುದಕ್ಕೆ ಇರುವ ಪ್ರಮುಖ ಸಾಕ್ಷಿ ಆ ತಟ್ಟೆಗಳೇ. ಮುಂದಿನ ದಶಕಗಳಲ್ಲಿ ಅವು ಸಿ.ಡಿ. ರೂಪದಲ್ಲಿ ಮತ್ತೆ ಬೆಳಕು ಕಂಡವು.

ಇದೇ ಕಾಲದಲ್ಲಿ ಎಚ್.ಎಂ.ವಿ. ಸಂಸ್ಥೆಯ ವಾಲ್ಟರ್ ಲೆಗ್ ಮೈಸೂರಿಗೆ ಬಂದು ಮಹಾರಾಜರ ಅತಿಥಿಯಾದರು. ಲೆಗ್ ಅವರು 1945ರಲ್ಲಿ ಸ್ಥಾಪಿಸಿದ್ದ ಫಿಲ್‌ಹಾರ್ಮೋನಿಯಾ ವಾದ್ಯವೃಂದ ಹಣದ ಮುಗ್ಗಟ್ಟಿನಲ್ಲಿತ್ತು. ಮಹಾರಾಜರು ವರ್ಷಕ್ಕೆ 10,000 ಪೌಂಡುಗಳಂತೆ ಮೂರು ವರ್ಷಗಳ ನೆರವಿಗೆ ಒಪ್ಪಿದರು. 1948ರಲ್ಲಿ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಪ್ರಥಮ ಅಧ್ಯಕ್ಷರೂ ಆದರು. ಅಷ್ಟಾಗಿ ಕೇಳಿಬರದ ಕೃತಿಗಳನ್ನು ಮುದ್ರಿಸುವುದಕ್ಕೂ ಅವರ ಹಣ ಒದಗಿತು. ಕರಾಯನ್ ನಿರ್ದೇಶನದಲ್ಲಿ ಮುದ್ರಿತವಾದ ರಷ್ಯನ್ ಸಂಗೀತಗಾರ ಬಲಕಿರೆವ್‌ನ ಮೊದಲ ಸಿಂಫನಿ ಅವುಗಳಲ್ಲೊಂದು.

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳ ಪ್ರಥಮ ಪ್ರದರ್ಶನ ನಡೆಯಿತು. ಹಾಡಿದವರು ಕರ್ಸ್ಟೆನ್ ಫ್ಲಾಗ್‌ಸ್ಟಾಡ್, ನಿರ್ದೇಶಿಸಿದವರು ಫುರ್ಟ್‌ವೆಂಗ್ಲರ್. ಆ ಕಛೇರಿಗೆ ಆರ್ಥಿಕ ಹೊಣೆ ಹೊತ್ತವರು ಮೈಸೂರಿನ ಒಡೆಯರು. ಅವರು ಆ ಸಭೆಯಲ್ಲಿ ಹಾಜರಿರಲಾಗಲಿಲ್ಲ; ತಮ್ಮ ಭಂಡಾರಕ್ಕಾಗಿ ಮಾಡಿಸಿದ ಧ್ವನಿಮುದ್ರಣದ ಮೂಲಕವೇ ಅವರು ಅದನ್ನು ಕೇಳಬೇಕಾಯಿತು.

ಎರಡು ಲೋಕಗಳ ನಡುವೆ

ಈ ಔದಾರ್ಯಕ್ಕೆ ಇನ್ನೊಂದು ಮುಖವೂ ಇತ್ತು. ಲಂಡನ್ನಿನಲ್ಲಿ ಮೆಟ್ನರನ ಕಾನ್ಸರ್ಟೊಗಳು ಮುದ್ರಣವಾದ 1947ನೆಯ ವರ್ಷವೇ ಮೈಸೂರಿನ ಬೀದಿಗಳಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಜನ ಬೀದಿಗಿಳಿದಿದ್ದರು. ಆಗಸ್ಟಿನಲ್ಲಿ ಮಹಾರಾಜರು ಭಾರತ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದರೂ ಆಡಳಿತ ಪ್ರಜೆಗಳ ಕೈಗೆ ಬಂದಿರಲಿಲ್ಲ. ಸೆಪ್ಟೆಂಬರಿನಲ್ಲಿ ಮೈಸೂರು ಚಲೊ ಚಳವಳಿ ಭುಗಿಲೆದ್ದಿತು. ಬಂಧನಗಳು, ಲಾಠಿ ಪ್ರಹಾರ, ಗೋಲೀಬಾರುಗಳಾದವು. ಅಕ್ಟೋಬರಿನಲ್ಲಿ ಮಹಾರಾಜರು ಮಣಿದು ಕೆ.ಸಿ. ರೆಡ್ಡಿಯವರ ನೇತೃತ್ವದ ಪ್ರಜಾ ಮಂತ್ರಿಮಂಡಲಕ್ಕೆ ಅಧಿಕಾರ ವಹಿಸಿದರು. ಸಂಸ್ಥಾನದ ಬೊಕ್ಕಸದ ಸಿರಿ ಪರದೇಶದ ವಾದ್ಯವೃಂದಕ್ಕೆ ಹರಿಯಬೇಕಿತ್ತೇ ಎಂಬ ಪ್ರಶ್ನೆ ಸಹಜವಾದದ್ದೇ. ಸಂಗೀತವನ್ನು ಉಳಿಸಿದ ಪುಣ್ಯ ಮತ್ತು ಪ್ರಜೆಯನ್ನು ಕಾಯಿಸಿದ ಋಣ, ಇವೆರಡೂ ಒಂದೇ ಲೆಕ್ಕದ ಪುಸ್ತಕದಲ್ಲಿವೆ.

ಅದೇ 1940ರ ದಶಕದಲ್ಲಿ ಮಹಾರಾಜರ ಅಂತರಂಗದಲ್ಲಿಯೂ ಒಂದು ತಿರುವು ಮೂಡಿತು. ಪಾಶ್ಚಾತ್ಯ ಸಂಗೀತದಲ್ಲಿ ಮುಳುಗಿದ್ದವರು ಕರ್ನಾಟಕ ಸಂಗೀತದ ಕಡೆಗೆ ಹೊರಳಿದರು. ವೀಣೆ ವೆಂಕಟಗಿರಿಯಪ್ಪನವರಲ್ಲಿ ವೀಣಾಭ್ಯಾಸ ಮಾಡಿದರು. ವಾಸುದೇವಾಚಾರ್ಯರ ಮಾರ್ಗದರ್ಶನ ದೊರೆಯಿತು. ಶಿಲ್ಪಿ ಸಿದ್ಧಲಿಂಗಸ್ವಾಮಿಗಳಿಂದ ಶ್ರೀವಿದ್ಯಾ ಉಪಾಸನೆಯ ದೀಕ್ಷೆ ಪಡೆದರು. ಆ ಉಪಾಸನೆಯ ಫಲವಾಗಿ ಸಂಸ್ಕೃತದಲ್ಲಿ 94 ಕೃತಿಗಳು ಹೊರಹೊಮ್ಮಿದವು. ಅವುಗಳ ಅಂಕಿತ ಶ್ರೀವಿದ್ಯಾ. ಸಾಹಿತ್ಯದ ಗಾಂಭೀರ್ಯ ಮತ್ತು ವಿಳಂಬದ ನಡಿಗೆಯಲ್ಲಿ ಮುತ್ತುಸ್ವಾಮಿ ದೀಕ್ಷಿತರ ಪರಂಪರೆ ನೆನಪಾಗುತ್ತದೆ. ಅಪರೂಪದ ರಾಗಗಳನ್ನು ಅವರು ಹುಡುಕಿ ಬಳಸಿದರು. ಗಂಭೀರನಾಟ ರಾಗದ ಅವರ ಕೃತಿಯೊಂದು ಕಛೇರಿಗಳಲ್ಲಿ ಇಂದಿಗೂ ಜನಪ್ರಿಯ.

ಈ ಕೃತಿಗಳಲ್ಲಿ ಒಂದು ಅಂಶ ಗಮನಿಸತಕ್ಕದ್ದು. ಪಿಯಾನೊ ಬಲ್ಲ, ಪಾಶ್ಚಾತ್ಯ ಸ್ವರಮೇಳದ ಶಾಸ್ತ್ರದಲ್ಲಿ ಪರೀಕ್ಷೆ ಕೊಟ್ಟ ಒಬ್ಬ ವಾಗ್ಗೇಯಕಾರ ತನ್ನ ಕೃತಿಗಳಿಗೆ ಆ ಶಾಸ್ತ್ರದ ಹೊದಿಕೆ ಹಾಕಲಿಲ್ಲ. ಅವು ಗಮಕವನ್ನೇ ಉಸಿರಾಗಿಸಿಕೊಂಡ ಶುದ್ಧ ಕರ್ನಾಟಕ ಸಂಗೀತದ ರಚನೆಗಳು. ಒಂದು ಪದ್ಧತಿಯನ್ನು ಮತ್ತೊಂದಕ್ಕೆ ಅಳವಡಿಸಲು ಎರಡನ್ನೂ ಬಲ್ಲವನೇ ಬೇಕು. ಎಲ್ಲಿ ಅಳವಡಿಸಬಾರದೆಂದು ಅರಿಯಲೂ ಎರಡನ್ನೂ ಬಲ್ಲವನೇ ಬೇಕು. ಮಹಾರಾಜರು ಪಿಯಾನೊವನ್ನು ಪಿಯಾನೊದ ಸಂಗೀತಕ್ಕೂ ವೀಣೆಯನ್ನು ವೀಣೆಯ ಸಂಗೀತಕ್ಕೂ ಬಿಟ್ಟರು.

ಏಕೀಕೃತ ನಾಡಿನ ರಾಜ್ಯಪಾಲರು

1950ರ ಜನವರಿ 26ರಂದು ಜಯಚಾಮರಾಜರು ಮೈಸೂರು ರಾಜ್ಯದ ರಾಜಪ್ರಮುಖರಾದರು. ಅವರಿಗೆ ನಿಗದಿಯಾದ ರಾಜಧನ ವರ್ಷಕ್ಕೆ 26 ಲಕ್ಷ ರೂಪಾಯಿ. ಭಾಷಾವಾರು ಪ್ರಾಂತ್ಯಗಳ ಚರ್ಚೆ ಎದ್ದಾಗ ಹಳೆ ಮೈಸೂರಿನ ಅನೇಕ ಮುಖಂಡರು ಏಕೀಕರಣಕ್ಕೆ ಹಿಂಜರಿದರು. ಮುಂಬಯಿ ಮತ್ತು ಹೈದರಾಬಾದು ಭಾಗಗಳ ಹಿಂದುಳಿದ ಜಿಲ್ಲೆಗಳು ತಮಗೆ ಹೊರೆಯಾದಾವೆಂಬ ಆತಂಕ ಅವರದಾಗಿತ್ತು. ಮಳೆ ಕಾಣದ ಬಿಜಾಪುರ ಜಿಲ್ಲೆ ಆ ಆತಂಕದ ಪಟ್ಟಿಯಲ್ಲಿ ಇದ್ದೇ ಇತ್ತು. ಆ ಸಂದರ್ಭದಲ್ಲಿ ಮಹಾರಾಜರು ಏಕೀಕರಣದ ಪರವಾಗಿ ನಿಂತರು. ತಮ್ಮ ವಂಶದ ಹಳೆಯ ರಾಜ್ಯ ಹತ್ತೊಂಬತ್ತು ಜಿಲ್ಲೆಗಳ ಹೊಸ ನಾಡಿನೊಳಗೆ ಒಂದಾಗುವುದನ್ನು ಒಪ್ಪಿದರು. ರಾಜಪ್ರಮುಖ ಪದವಿ ರದ್ದಾಯಿತು; ಅದೇ ದಿನ ಅವರು ಹೊಸ ರಾಜ್ಯದ ರಾಜ್ಯಪಾಲರಾದರು.

ಹೀಗೆ ಮೈಸೂರರಸರ ಆಳ್ವಿಕೆಯನ್ನು ಕಂಡರಿಯದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳಿಗೆ ಅವರು ಸಂವಿಧಾನದ ಮೂಲಕ ಬಂದರು, ಪಟ್ಟಾಭಿಷೇಕದ ಮೂಲಕವಲ್ಲ. ಮರಾಠಿ ನಾಟ್ಯಗೀತೆಗಳ, ಹಿಂದೂಸ್ತಾನಿ ಖ್ಯಾಲಿನ, ವಚನ ಗಾಯನದ ಈ ಸೀಮೆ ವೀಣೆಯ ಮೈಸೂರಿನೊಡನೆ ಒಂದೇ ರಾಜ್ಯದ ಸೂರಿನಡಿ ಬಂದಿತು. 1964ರವರೆಗೆ ಅವರು ಆ ಹುದ್ದೆಯಲ್ಲಿದ್ದು, ಅನಂತರ 1966ರವರೆಗೆ ಮದ್ರಾಸಿನ ರಾಜ್ಯಪಾಲರಾಗಿ ಸೇವೆ ಸಲ್ಲಿಸಿದರು.

ವಿದ್ವತ್ತಿನ ಕ್ಷೇತ್ರದಲ್ಲಿಯೂ ಅವರ ಕೆಲಸ ದೊಡ್ಡದು. ಜಯಚಾಮರಾಜೇಂದ್ರ ಗ್ರಂಥರತ್ನಮಾಲೆಯ ಮೂಲಕ ಋಗ್ವೇದವೂ ಸೇರಿದಂತೆ ಅನೇಕ ಸಂಸ್ಕೃತ ಗ್ರಂಥಗಳು ಕನ್ನಡಕ್ಕೆ ಬಂದವು. ದತ್ತಾತ್ರೇಯ ತತ್ತ್ವ, ಭಗವದ್ಗೀತೆ ಮತ್ತು ಭಾರತೀಯ ಸೌಂದರ್ಯಶಾಸ್ತ್ರಗಳ ಕುರಿತು ಅವರು ಇಂಗ್ಲಿಷಿನಲ್ಲಿ ಗ್ರಂಥಗಳನ್ನು ರಚಿಸಿದರು. 1952ರಲ್ಲಿ ರಚಿತವಾದ ಭಾರತೀಯ ವನ್ಯಜೀವಿ ಮಂಡಳಿಗೆ ಪ್ರಥಮ ಅಧ್ಯಕ್ಷರಾಗಿದ್ದರು. 1966ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ತನ್ನ ಫೆಲೊಶಿಪ್ ನೀಡಿ ಗೌರವಿಸಿತು.

ಕೊನೆಯ ದಿನಗಳು

1971ರ ಡಿಸೆಂಬರಿನಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯ ಮೂಲಕ ಮಾಜಿ ಅರಸರ ಬಿರುದುಗಳೂ ರಾಜಧನವೂ ರದ್ದಾದವು. 1973ರ ನವೆಂಬರ್ 1ರಂದು ರಾಜ್ಯದ ಹೆಸರೂ ಬದಲಾಗಿ ಮೈಸೂರು ಕರ್ನಾಟಕವಾಯಿತು. 1974 ಅವರ ಪಾಲಿಗೆ ದುಃಖದ ವರ್ಷವಾಗಿ ಬಂದಿತು. ಹಿರಿಯ ಮಗಳು ಗಾಯತ್ರಿದೇವಿಯವರು ಆ ವರ್ಷ ತೀರಿಕೊಂಡರು. ಅದೇ ವರ್ಷ ಸೆಪ್ಟೆಂಬರ್ 23ರಂದು ಬೆಂಗಳೂರಿನಲ್ಲಿ ಜಯಚಾಮರಾಜ ಒಡೆಯರು ಕಣ್ಮುಚ್ಚಿದರು. ಅವರಿಗೆ ಆಗ ಕೇವಲ 55 ವರ್ಷ.

ತಾನು ಏರಲಾಗದ ವೇದಿಕೆಯ ಮೇಲೆ ಇನ್ನೊಬ್ಬನನ್ನು ಕೂರಿಸಿ, ಆತನ ನಾದವನ್ನು ಮುಂದಿನ ಕಾಲಕ್ಕೆ ಉಳಿಸಿಕೊಟ್ಟುದು ಅವರ ಜೀವನದ ವಿಶೇಷ. ಬಡತನದಲ್ಲಿದ್ದ ರಷ್ಯನ್ ಮುದುಕನ ಬೆರಳುಗಳ ನುಡಿಸಾಣಿಕೆಯನ್ನು ಇಂದು ಲೋಕದ ಯಾವ ಮೂಲೆಯಲ್ಲಾದರೂ ಕೇಳಬಹುದು. ಅದನ್ನು ಸಾಧ್ಯವಾಗಿಸಿದ ಅರಸರು ಸ್ವತಃ ಹೇಗೆ ನುಡಿಸುತ್ತಿದ್ದರೆಂಬುದನ್ನು ಕೇಳಿದವರು ಅರಮನೆಯ ಗೋಡೆಗಳೊಳಗಿದ್ದ ಕೆಲವರು ಮಾತ್ರ. ಅವರ 94 ಕೃತಿಗಳಾದರೋ ಗೋಡೆ ದಾಟಿ ಗಾಯಕರ ಕಂಠವನ್ನು ಸೇರಿವೆ. ಇಂದು ಇಂಡಿಯಲ್ಲಿಯೋ ಬಸವನ ಬಾಗೇವಾಡಿಯಲ್ಲಿಯೋ ಎಲೆಕ್ಟ್ರಾನಿಕ್ ಕೀಬೋರ್ಡಿನ ಮುಂದೆ ಕುಳಿತು ಚಲನಚಿತ್ರ ಗೀತೆಯೊಂದನ್ನು ಎರಡು ಕೈಗಳಿಗೆ ಹೊಂದಿಸಲು ಯತ್ನಿಸುವ ಬಾಲಕನಿಗೆ, ಈ ನಾಡಿನ ಮೊದಲ ರಾಜ್ಯಪಾಲರೂ ಅಂತಹುದೇ ಮನೆಗಳ ಸಾಲಿನ ಮುಂದೆ ತಾಸುಗಟ್ಟಲೆ ಕುಳಿತಿದ್ದರೆಂಬುದು ತಿಳಿದಿದ್ದರೆ ಒಳ್ಳೆಯದು.